ಶಾಂತಿಗಾಗಿ ಕುಳಿತ ಹೆಂಗಸರು

ಕಲಿಕಾ ಕೇಂದ್ರದಲ್ಲಿ ಹುಡುಗ ಹುಡುಗಿಯರು ಸೇರಿದ್ದರು. ಮಾತು ಯುದ್ಧದ ಕಡೆ ತಿರುಗಿತು.

"ಯುದ್ಧ ಯಾಕಕ್ಕಾ ಆಗುತ್ತೆ?"

"ದ್ವೇಷದಿಂದ" ಎಂದನೊಬ್ಬ. "ಅಧಿಕಾರದ ಆಸೆಯಿಂದ" ಎಂದಳೊಬ್ಬಳು.

ಅಕ್ಕ ಹೇಳಿದರು: "ಎರಡೂ ನಿಜ. ಲೈಬೀರಿಯಾ ಆಫ್ರಿಕಾದ ಸಣ್ಣ ದೇಶ. ಅಲ್ಲಿ 1989ರಲ್ಲಿ ಯುದ್ಧ ಶುರುವಾಯಿತು. ನಡುವೆ ನಿಂತು, ಮತ್ತೆ ಹೊತ್ತಿಕೊಂಡಿತು. ಒಂದೇ ದೇಶದವರು ತಮ್ಮೊಳಗೇ ಬಡಿದಾಡಿದರು. ವಜ್ರ, ಮರ ಮಾರಿದ ದುಡ್ಡಿನಲ್ಲಿ ಬಂದೂಕು ಬಂತು. ಮಕ್ಕಳ ಕೈಗೂ ಬಂದೂಕು ಕೊಟ್ಟರು."

"ತಾಯಂದಿರು ಸುಮ್ಮನಿದ್ದರಾ?"

"ಇಲ್ಲ. 2003ರಲ್ಲಿ ಕ್ರೈಸ್ತ, ಮುಸ್ಲಿಂ ಹೆಂಗಸರು ಒಂದಾದರು. ಬಿಳಿ ಬಟ್ಟೆ ತೊಟ್ಟರು. ರಾಜಧಾನಿಯ ಮೀನು ಮಾರುಕಟ್ಟೆ ಹತ್ತಿರ ಕುಳಿತರು. ಬಿಸಿಲು, ಮಳೆ ಎನ್ನಲಿಲ್ಲ. ಆಮೇಲೆ ಘಾನಾ ದೇಶದಲ್ಲಿ ಸಂಧಾನ ನಡೆಯಿತು. ಮಾತು ಮುಗಿಯಲೇ ಇಲ್ಲ. ಹೆಂಗಸರು ಅಲ್ಲಿಗೂ ಹೋದರು. ಬಾಗಿಲಿಗೆ ಅಡ್ಡ ಕುಳಿತರು. ಆಗಸ್ಟ್‌ನಲ್ಲಿ ಒಪ್ಪಂದವಾಯಿತು. ಅವರ ಮುಂದಾಳು ಲೇಮಾ ಬೋವಿ. 2011ರಲ್ಲಿ ಇನ್ನಿಬ್ಬರು ಮಹಿಳೆಯರ ಜೊತೆ ಆಕೆಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು."

"ಹೆಂಗಸರಿಂದಲೇ ಯುದ್ಧ ನಿಂತಿತಾ?"

"ಅವರೊಬ್ಬರಿಂದಲೇ ಅಲ್ಲ. ಆದರೆ ಅವರು ಒಟ್ಟಾಗಿ ಕುಳಿತರು. ಅವರ ಮಾತನ್ನು ಕೇಳಲೇಬೇಕಾಯಿತು."

ಯೋಚಿಸಿ, ಮಾತಾಡಿ:
1. ಲೈಬೀರಿಯಾದಲ್ಲಿ ಯುದ್ಧಕ್ಕೆ ಹಣ ಎಲ್ಲಿಂದ ಬಂತು?
2. ನಿಮ್ಮೂರಲ್ಲಿ ಜಗಳವಾದರೆ ಹೆಂಗಸರು ಕೂಡಿ ಏನು ಮಾಡಬಹುದು?