ಅಂತ್ಯಾಕ್ಷರಿಗೆ ಕೂರುವ ಮುನ್ನ

ಮದುವೆ ಮನೆಯಲ್ಲೋ ಪ್ರವಾಸದ ಬಸ್ಸಿನಲ್ಲೋ ‘ಅಂತ್ಯಾಕ್ಷರಿ ಆಡೋಣ’ ಎಂದು ಯಾರಾದರೂ ಅಂದರೆ ಸಾಕು, ಎಲ್ಲರಿಗಿಂತ ಮೊದಲು ‘ಹೂಂ’ ಅನ್ನುವವರು ನೀವೇ. ಎರಡು ಸುತ್ತು ಕಳೆದು ‘ಯ’ ಬಂತೋ, ಮುಖ ಮುಖ ನೋಡಿಕೊಂಡು ಮೆಲ್ಲಗೆ ಫೋನ್ ತೆಗೆಯುವವರೂ ನೀವೇ. ನಿಮಗೆ ಹಾಡು ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬರುವ ಹಾಡುಗಳನ್ನು ಅಕ್ಷರದ ಪ್ರಕಾರ ಜೋಡಿಸಿಟ್ಟುಕೊಳ್ಳುವ ಸೋಮಾರಿತನ, ಅಷ್ಟೇ. ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಕ್ಕೀತೇ?

ಮೊದಲು ಒಂದು ಪಟ್ಟಿ ಮಾಡಿ, ಅದನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ‘ಫೋನಿನಲ್ಲಿ ಪ್ಲೇಲಿಸ್ಟ್ ಇದೆಯಲ್ಲ, ಹೆಸರಿನ ಕ್ರಮದಲ್ಲಿ ತಾನೇ ಜೋಡಿಸಿಕೊಡುತ್ತದೆ’ ಎಂಬ ವಾದ ಬೇಡ. ಅಲ್ಲಿ ಹೆಸರುಗಳಿರುವುದು ಬಹುಪಾಲು ಇಂಗ್ಲಿಷ್ ಲಿಪಿಯಲ್ಲಿ. ‘ಟಿ’ ಎಂಬ ಒಂದೇ ಅಕ್ಷರದ ಕೆಳಗೆ ತ, ಟ, ಥ, ಠ ನಾಲ್ಕೂ ಕಲಸಿ ಕೂತಿರುತ್ತವೆ. ‘ಎಸ್’ ಕೆಳಗೆ ಸ, ಶ, ಷ. ‘ಈ’ಯಿಂದ ಶುರುವಾಗುವ ಹಾಡಿಗೆ ಇಂಗ್ಲಿಷಿನ ‘ಇ’ಯನ್ನು ಎರಡು ಸಲ ಬರೆಯುವುದರಿಂದ ಅದು ಎ, ಏ ಹಾಡುಗಳ ಗುಂಪಿಗೆ ಹೋಗಿ ಸೇರುತ್ತದೆ. ಅವಸರದಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಪರದೇಶದಲ್ಲಿ ಬೆಳೆಯುತ್ತಿರುವ ಮಕ್ಕಳಿದ್ದರೆ ಪಟ್ಟಿ ಬರೆಯುವ ಕೆಲಸವನ್ನು ಅವರಿಗೇ ಒಪ್ಪಿಸಿ. ಬೈದು ತಿದ್ದಿಸುವ ಕಾಗುಣಿತ ಹಾಡಿನ ನೆಪದಲ್ಲಿ ತಾನಾಗಿ ಬಂದೀತು.

ಬರೆಯುವಾಗ ಶೀರ್ಷಿಕೆಯನ್ನು ನಂಬಬೇಡಿ, ಹಾಡಿನ ಮೊದಲ ಮಾತನ್ನು ನೋಡಿ. ನಿಸಾರ್ ಅಹಮದರ ‘ನಿತ್ಯೋತ್ಸವ’ ಮೈಸೂರು ಅನಂತಸ್ವಾಮಿಯವರ ರಾಗದಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗಿನಿಂದ ಮನೆಮನೆಯ ಹಾಡು. ಹೆಸರು ನೋಡಿ ‘ನ’ ಕೆಳಗೆ ಬರೆದುಕೊಂಡಿರೋ, ಕೆಟ್ಟಿರಿ. ಹಾಡು ಶುರುವಾಗುವುದು ‘ಜೋ’ ಅಕ್ಷರದಿಂದ. ಆಲಾಪದ ‘ಆ’, ‘ಓಹೋ’, ‘ಲಲಲಾ’ಗಳೂ ಲೆಕ್ಕಕ್ಕಿಲ್ಲ. ಅವನ್ನು ಒಪ್ಪಿಕೊಂಡರೆ ಸಿನಿಮಾ ಹಾಡುಗಳಲ್ಲಿ ಅರ್ಧದಷ್ಟು ‘ಆ’ ಕೆಳಗೇ ಬಂದು ಬೀಳುತ್ತವೆ.

‘ನ’ ಅಕ್ಷರಕ್ಕೆ ನೀವು ಕಷ್ಟಪಡಬೇಕಿಲ್ಲ. ನಾನು, ನೀನು, ನಮ್ಮ, ನಿನ್ನ ಎಂದು ಕವಿಗಳೇ ಬೇಕಾದಷ್ಟು ಕೊಟ್ಟಿದ್ದಾರೆ. ಕಷ್ಟದ ಅಕ್ಷರಗಳಿಗೆ ಹೆಚ್ಚು ಗಮನ ಕೊಡಿ. ‘ಯ’ ಬಂದರೆ ಹೆದರುವವರು ಯಾರು, ಯಾವ, ಯಾಕೆ ಎಂದು ಪ್ರಶ್ನೆ ಕೇಳುವ ಹಾಡುಗಳನ್ನು ನೆನೆಯಿರಿ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು, ತಾವೇ ಹಾಡಿದ ಹಾಡು ಯಾವ ಅಕ್ಷರದ್ದು? ಅಡಿಗರ ಮೋಹನ ಮುರಳಿಯ ಕವಿತೆ ಯಾವುದರದ್ದು? ‘ಲ’ ಬಂದರೆ ಜೋಗುಳಗಳಿವೆ, ಯಶೋದೆ ಮಗನನ್ನು ಮುದ್ದಿಸುವ ಪುರಂದರದಾಸರ ಪದವೂ ಇದೆ. ‘ರ’ಕ್ಕೆ ‘ಮೈಸೂರು ಮಲ್ಲಿಗೆ’ಯಲ್ಲಿ ಮಾವನ ಮನೆಗೆ ಹೋದ ರಾಯರಿದ್ದಾರೆ. ‘ಸೊಸೆ ತಂದ ಸೌಭಾಗ್ಯ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ರವಿವರ್ಮನ ಹಾಡಿದೆ. ‘ಉ’ ಬಂದರೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ಹುಯಿಲಗೋಳ ನಾರಾಯಣರಾಯರ ಗೀತೆಯಿದೆ. ಹನಿಹನಿಗೂಡಿದರೆ ಹಳ್ಳ, ಅಡುಗೆ ಮಾಡುತ್ತಲೋ ಬಟ್ಟೆ ಮಡಚುತ್ತಲೋ ದಿನಕ್ಕೊಂದು ಹಾಡು ನೆನಪಾದರೂ ಪಟ್ಟಿ ತುಂಬುತ್ತದೆ. ‘ಜ’ಕ್ಕೆ ಮಾತ್ರ ಕುವೆಂಪು ಅವರ ನಾಡಗೀತೆಯನ್ನು ಎಳೆದು ತರಬೇಡಿ. 2004ರಲ್ಲಿ ಸರ್ಕಾರ ಅದನ್ನು ಅಧಿಕೃತ ನಾಡಗೀತೆ ಎಂದು ಸಾರಿದೆ. ಎದ್ದು ನಿಂತು ಹಾಡಬೇಕಾದ್ದನ್ನು ಚುರುಮುರಿ ಮೆಲ್ಲುತ್ತಾ ಅರ್ಧಕ್ಕೆ ತುಂಡರಿಸುವುದು ನನಗಂತೂ ಸರಿಕಾಣುವುದಿಲ್ಲ.

ಇನ್ನು ನಿಯಮದ ವಿಷಯ. ಆಟದ ನಡುವೆ ಜಗಳ ಬರುವುದೇ ನಿಯಮವನ್ನು ಮೊದಲು ಮಾತಾಡಿಕೊಳ್ಳದೆ ಇರುವುದರಿಂದ. ಳ, ಣ ಅಕ್ಷರಗಳಿಂದ ಶುರುವಾಗುವ ಮಾತು ಕನ್ನಡದಲ್ಲಿಲ್ಲ. ಅವು ಬಂದರೆ ಲ, ನ ಎಂದು ತೆಗೆದುಕೊಳ್ಳಿ. ನಾವು ಬರೆಯುವುದು ‘ಎಲ್ಲಿ’, ಬಾಯಲ್ಲಿ ಬರುವುದು ‘ಯೆಲ್ಲಿ’. ಹಾಗೆಂದು ‘ಎ’ ಹಾಡನ್ನು ‘ಯ’ಕ್ಕೆ ಹಾಡಿ ದಬಾಯಿಸಬೇಡಿ, ಬರಹ ಹೇಗಿದೆಯೋ ಹಾಗೆ. ಭಾಗ್ಯಲಕ್ಷ್ಮಿಯನ್ನು ಕರೆಯುವ ಪದವನ್ನು ‘ಬ’ ಅಕ್ಷರಕ್ಕೆ ಹಾಡಬಹುದೇ ಎಂಬುದೂ ಮುಗಿಯದ ತಕರಾರು. ದೊಡ್ಡವರಿಗೆ ಕೂಡದು, ಮಕ್ಕಳಿಗೆ ಅಡ್ಡಿಯಿಲ್ಲ ಎಂಬುದು ನನ್ನ ತೀರ್ಮಾನ.

ಎಲ್ಲಿ ನಿಲ್ಲಿಸಬೇಕು ಎಂಬುದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಪಲ್ಲವಿ ಮುಗಿದಲ್ಲಿ ನಿಲ್ಲಿಸಿ, ಚರಣಕ್ಕೆ ಹೋಗಬೇಡಿ. ಹೋದರೆ ಏನಾಗುತ್ತದೆ ಗೊತ್ತೇ? ನಮ್ಮ ಹಿರಿಯರೆಲ್ಲ ಕೊನೆಯಲ್ಲಿ ಅಂಕಿತ ಇಟ್ಟವರು. ಪುರಂದರದಾಸರ ಪದವನ್ನು ಕೊನೆಯವರೆಗೆ ಹಾಡಿದರೆ ಎಷ್ಟೋ ಸಲ ವಿಠಲನ ‘ಲ’ ಬಂದು ಕೂರುತ್ತದೆ. ಕನಕದಾಸರಲ್ಲಿ ಆದಿಕೇಶವನ ‘ವ’, ಬಸವಣ್ಣನವರ ವಚನದಲ್ಲಿ ಕೂಡಲಸಂಗಮದೇವನ ‘ವ’, ಅಕ್ಕನ ವಚನದಲ್ಲಿ ಚೆನ್ನಮಲ್ಲಿಕಾರ್ಜುನನ ‘ನ’. ಡಿ.ವಿ.ಜಿ.ಯವರ ಕಗ್ಗ ಹಿಡಿದು ಕೂತವರು ಎದುರಾಳಿಗೆ ‘ಮ’ ಬಿಟ್ಟು ಬೇರೆ ಕೊಡಲಾರರು. ಪದ್ಯ ಪದ್ಯಕ್ಕೂ ಮಂಕುತಿಮ್ಮನೇ ಕೊನೆ. ಸರ್ವಜ್ಞನ ತ್ರಿಪದಿ ಹೇಳುವವರಂತೂ ಭಾರಿ ಕಿಲಾಡಿಗಳು. ‘ಜ್ಞ’ ಕೊಟ್ಟು ಕೈಕಟ್ಟಿ ಕೂತುಬಿಡುತ್ತಾರೆ, ಅದಕ್ಕೆ ಯಾರು ಎಲ್ಲಿಂದ ಹಾಡು ತರಬೇಕು? ವಚನ, ತ್ರಿಪದಿ, ಕಗ್ಗ ಬೇಕೆನಿಸಿದರೆ ಅವಕ್ಕೇ ಬೇರೆ ಆಟ ಇಟ್ಟುಕೊಳ್ಳಿ: ಒಂದು ಅಕ್ಷರ ಕೊಟ್ಟು, ಅದರಿಂದ ಶುರುವಾಗುವ ಪದ್ಯಗಳನ್ನು ಯಾರು ಹೆಚ್ಚು ಹೇಳುತ್ತಾರೆ ನೋಡುವುದು. ಅಲ್ಲಿ ಕೊನೆಯ ಅಕ್ಷರದ ಗೊಡವೆಯೇ ಇಲ್ಲ. ನಿಜ ಹೇಳಬೇಕೆಂದರೆ ಅಜ್ಜ ಅಜ್ಜಿಯರಿರುವ ಮನೆಗೆ ಅಂತ್ಯಾಕ್ಷರಿಗಿಂತ ಈ ಆಟವೇ ಚೆನ್ನ.

ಹಾಡುವಾಗ ಪಲ್ಲವಿಯನ್ನಾದರೂ ಪೂರ್ತಿ ಹಾಡಿ. ಅರ್ಧ ಸಾಲು ಗುನುಗಿ ಉಳಿದದ್ದನ್ನು ‘ತನನ’ದಲ್ಲಿ ತೇಲಿಸುವುದು ಹಾಡಲ್ಲ. ಕಳೆದ ಸಲದ ನಾಲ್ಕೇ ಹಾಡನ್ನು ಈ ಸಲವೂ ಹಿಡಿದು ಬಂದರೆ ‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂದು ಜನ ನಗುತ್ತಾರೆ. ಯಾರಿಗಾದರೂ ಶ್ರುತಿ ತಪ್ಪಿದರೆ ಮಾತ್ರ ನಗಬೇಡಿ, ಹಾಡ್ತಾ ಹಾಡ್ತಾ ರಾಗ. ಬಾಯಿ ಬಿಡಲು ಸಂಕೋಚಪಡುವ ಸೊಸೆಯೋ ಚಿಕ್ಕ ಹುಡುಗನೋ ಇದ್ದರೆ ಸುಲಭದ ಅಕ್ಷರ ಬಂದಾಗ ‘ನೀನು ಹೇಳಮ್ಮ, ನೀನು ಹಾಡಪ್ಪ’ ಎಂದು ಅವರಿಗೆ ಬಿಟ್ಟುಕೊಡಿ. ಗಂಟಲಿದ್ದವರೇ ಎಲ್ಲವನ್ನೂ ನುಂಗಿದರೆ ಉಳಿದವರು ಕಿಟಕಿಯಾಚೆ ನೋಡುತ್ತಾ ಕೂರಬೇಕಾಗುತ್ತದೆ. ಫೋನುಗಳೆಲ್ಲ ಒಂದು ಚೀಲದೊಳಗಿರಲಿ, ಆ ಚೀಲ ಯಾವ ತಂಡಕ್ಕೂ ಸೇರದ ಹಿರಿಯರೊಬ್ಬರ ಮಡಿಲಲ್ಲಿರಲಿ. ಹತ್ತು ಎಣಿಸುವುದೂ ಅವರದೇ ಕೆಲಸ, ಅವರ ಮಾತೇ ಕೊನೆ.

ಬಸ್ಸಿನಲ್ಲಿ ಆಡುವುದಾದರೆ ಚಾಲಕರನ್ನು ಯಾವ ತಂಡಕ್ಕೂ ಸೇರಿಸಿಕೊಳ್ಳಬೇಡಿ. ಘಾಟಿಯ ತಿರುವಿನಲ್ಲಿ ‘ಅಣ್ಣಾ, ಠ ಅಕ್ಷರಕ್ಕೆ ಒಂದು ಹೇಳಣ್ಣಾ’ ಎಂದು ಅವರ ಭುಜ ತಟ್ಟುವವರನ್ನು ಎಬ್ಬಿಸಿ ಹಿಂದಿನ ಸೀಟಿಗೆ ಕಳಿಸಿ.