ಗುಡ್ಡ ಹತ್ತಿದ ದೋಣಿ

ಪ್ರಶ್ನೆ: ಇಂಗ್ಲಿಷ್ ಸಿನಿಮಾಗಳಲ್ಲಿ ಸಮುದ್ರದ ದಡದ ಹಳೇ ‘ಲೈಫ್‌ಬೋಟ್ ಸ್ಟೇಷನ್’ ಕಾಣುತ್ತದೆ. ಕೆರೆ ಬಿಟ್ಟು ಬೇರೆ ನೀರು ನೋಡದ ನಮಗೆ ಅದೇನೆಂದು ತಿಳಿಯದು. ನಮ್ಮ ಕರಾವಳಿಯಲ್ಲಿ ಆ ಕೆಲಸ ಯಾರದು?
— ಓದುಗರೊಬ್ಬರು, ಆವನಿ, ಮುಳಬಾಗಿಲು ತಾಲ್ಲೂಕು

ಉತ್ತರ: ದಡದಲ್ಲೊಂದು ಕೊಟ್ಟಿಗೆ, ಒಳಗೆ ಗಾಲಿಬಂಡಿಯ ಮೇಲೆ ಕೂತ ಗಟ್ಟಿ ದೋಣಿ, ಕೂಗಿದರೆ ಓಡಿಬರುವಷ್ಟು ಹತ್ತಿರದಲ್ಲಿ ಹತ್ತಾರು ಮೀನುಗಾರರು. ಕಡಲಲ್ಲಿ ಅಪಾಯಕ್ಕೆ ಸಿಕ್ಕವರನ್ನು ಕಾಪಾಡುವ ಹಳೇ ಸ್ಟೇಷನ್ ಎಂದರೆ ಇಷ್ಟೇ. ಬ್ರಿಟನ್ನಿನಲ್ಲಿ ಇವನ್ನು ನಡೆಸುವ ಸಂಸ್ಥೆ 1824ರಲ್ಲಿ ಸರ್ ವಿಲಿಯಂ ಹಿಲರಿಯವರ ಪ್ರಯತ್ನದಿಂದ ಹುಟ್ಟಿತು. ಇಂದಿಗೂ ಅದು ನಡೆಯುವುದು ಜನರ ದೇಣಿಗೆಯಿಂದ. ದೋಣಿ ಹತ್ತುವವರಲ್ಲಿ ಬಹುಪಾಲು ಸ್ವಯಂಸೇವಕರು.

ಗುಡ್ಡದ ಊರಿನವರಾದ ನಿಮಗೆ ಲಿನ್‌ಮತ್ ಸ್ಟೇಷನ್ನಿನ ಕಥೆಯನ್ನೇ ಹೇಳಬೇಕು. ಡೆವನ್ ಪ್ರಾಂತ್ಯದ ಈ ಸ್ಟೇಷನ್ ಶುರುವಾದದ್ದು 1869ರಲ್ಲಿ. 1899ರ ಜನವರಿ 12ರ ಸಂಜೆ ಅಲ್ಲಿಗೊಂದು ತಂತಿ ಬಂತು: ‘ಫಾರೆಸ್ಟ್ ಹಾಲ್’ ಎಂಬ ಹಾಯಿಹಡಗು ಚುಕ್ಕಾಣಿ ಕಳೆದುಕೊಂಡು ಪೋರ್ಲಾಕ್ ಕಡೆ ಸಿಕ್ಕಿಕೊಂಡಿದೆ, ಒಳಗೆ ಹದಿನೆಂಟು ಜೀವ. ಲಿನ್‌ಮತ್‌ನ ದಡದಲ್ಲೋ ಅಲೆಯ ಅಬ್ಬರಕ್ಕೆ ದೋಣಿ ಇಳಿಸುವಂತಿರಲಿಲ್ಲ. ಆಗ ದೋಣಿಯ ಮುಖಂಡ ಜ್ಯಾಕ್ ಕ್ರೋಕಂಬ್ ಸೂಚಿಸಿದ್ದು, ಬೆಟ್ಟ ದಾಟಿಸಿ ಪೋರ್ಲಾಕ್‌ನಲ್ಲೇ ಇಳಿಸೋಣ ಎಂದು. ಎಚ್ಚರವಿದ್ದವರು ಆಡುವ ಮಾತಲ್ಲ ಅದು. ದೂರ ಸುಮಾರು 21 ಕಿಲೋಮೀಟರ್, ಬಂಡಿ ಸೇರಿ ಭಾರ ಹತ್ತು ಟನ್ನಿನಷ್ಟು.

ಕುದುರೆ ಕಟ್ಟಿದರು, ನೂರರಷ್ಟು ಜನ ಹಗ್ಗಕ್ಕೆ ಕೈ ಹಾಕಿದರು. ಏರು ಮುಗಿಯುವಷ್ಟರಲ್ಲಿ ಬಂಡಿಯ ಚಕ್ರ ಕಳಚಿತು. ಅದನ್ನು ಸರಿಪಡಿಸುವ ಹೊತ್ತಿಗೆ ಬಹಳ ಮಂದಿ ಮನೆಗೆ ಮರಳಿದರು. ಉಳಿದ ಇಪ್ಪತ್ತರ ಆಸುಪಾಸು ಮಂದಿ ಮಳೆಗಾಳಿಯಲ್ಲೇ ಮುಂದೆ ಸಾಗಿದರು. ದಾರಿ ಕಿರಿದಾದಲ್ಲಿ ದೋಣಿಯನ್ನು ಬಂಡಿಯಿಂದ ಇಳಿಸಿ ಮರದ ದಿಮ್ಮಿಗಳ ಮೇಲೆ ಜಾರಿಸಿದರು, ಅಡ್ಡ ಬಂದ ಗೋಡೆ ಕೆಡವಿದರು. ತೇರು ಎಳೆದವರಿಗೆ ಗೊತ್ತು, ಏರಿಗಿಂತ ಇಳಿಜಾರೇ ಹೆದರಿಕೆ. ಪೋರ್ಲಾಕ್ ಇಳಿಜಾರಿನಲ್ಲಿ ಎಲ್ಲರೂ ಹಿಂದಿನಿಂದ ಹಗ್ಗ ಜಗ್ಗಿ ಹಿಡಿದೇ ದೋಣಿಯನ್ನು ಇಳಿಸಿದ್ದು. ಬೆಳಗಿನ ಆರೂವರೆಗೆ ದೋಣಿ ನೀರು ಮುಟ್ಟಿತು. ರಾತ್ರಿಯಿಡೀ ಎಳೆದವರೇ ಈಗ ಹುಟ್ಟು ಹಾಕಿದರು. ಹದಿನೆಂಟು ಮಂದಿಯೂ ಉಳಿದರು, ಹಡಗೂ ಉಳಿಯಿತು. ಸ್ಟೇಷನ್ 1944ರಲ್ಲಿ ಮುಚ್ಚಿತು. ಕೊಟ್ಟಿಗೆಯನ್ನು 1952ರ ಪ್ರವಾಹ ಕೊಚ್ಚಿಕೊಂಡು ಹೋಯಿತು.

ಇನ್ನು ನಮ್ಮ ಕರಾವಳಿ. ಇಲ್ಲಿ ಈ ಹೊಣೆ ಸರ್ಕಾರದ್ದು, ಮುಖ್ಯವಾಗಿ 1977ರಲ್ಲಿ ಆರಂಭವಾದ ಕೋಸ್ಟ್ ಗಾರ್ಡ್‌ನದು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ ಕಾಪು ಬಳಿಯ ಬಂಡೆಗಳಲ್ಲಿ ಸಿಕ್ಕಿಬಿದ್ದು ಒಂಬತ್ತು ಮಂದಿ ಅತಂತ್ರರಾದರು. ಮೇ 17ರಂದು ಐವರನ್ನು ಕೋಸ್ಟ್ ಗಾರ್ಡ್‌ನ ‘ವರಾಹ’ ನೌಕೆಯವರು ಕರೆತಂದರು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. ಆದರೆ ಹೆಲಿಕಾಪ್ಟರ್ ಬರುವುದು ದೂರದಿಂದ. ಮಲ್ಪೆಯ ಬೋಟೊಂದು ಕಡಲಲ್ಲಿ ಕೆಟ್ಟು ನಿಂತರೆ ಪಕ್ಕದ ಬೋಟಿನವರು ಬಲೆ ಬಿಟ್ಟು ಬಂದು ಹಗ್ಗ ಎಸೆಯುತ್ತಾರೆ. ಲಿನ್‌ಮತ್‌ನವರ ನಿಜವಾದ ಸಂಬಂಧಿಕರು ನನ್ನ ಲೆಕ್ಕದಲ್ಲಿ ಇವರೇ. ಮುಂದೆಂದಾದರೂ ಕಡಲತೀರಕ್ಕೆ ಹೋದಾಗ ಯಾರಾದರೂ ಸಂಕಟದಲ್ಲಿರುವುದು ಕಂಡರೆ, ಕೋಸ್ಟ್ ಗಾರ್ಡ್‌ನ ಉಚಿತ ಕರೆ ಸಂಖ್ಯೆ 1554.