ಬಣ್ಣದ ನೀರಿಗೆ ತೆಂಗಿನ ನಾರು: ಉಪಯೋಗ ಮತ್ತು ಮಿತಿ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್ ಮಳೆಯನ್ನು ನಂಬಿದ ನದಿ. ಬಂಗಾರಪೇಟೆ, ಕೆ.ಜಿ.ಎಫ್. ಭಾಗದ ಗ್ರಾಮಗಳು ಕೆರೆ ಮತ್ತು ಕೊಳವೆಬಾವಿಗಳನ್ನೇ ಆಶ್ರಯಿಸಿವೆ. ಗಣಿಯ ಕಾಲದಲ್ಲಿ ಕೆ.ಜಿ.ಎಫ್.ಗೆ ಕುಡಿಯುವ ನೀರು ಬಂದದ್ದು ಬೇತಮಂಗಲದ ಕೆರೆಯಿಂದ. ಇಂತಹ ನೆಲದಲ್ಲಿ ನೂಲಿಗೆ ಬಣ್ಣ ಹಾಕಿದ ನೀರನ್ನು ಚರಂಡಿಗೆ ಬಿಟ್ಟರೆ ಅದು ಕೆರೆಯನ್ನು ಸೇರುತ್ತದೆ. ಬಿಸಿಲು ನೀರಿನೊಳಗೆ ಇಳಿಯದೆ ಜಲಸಸ್ಯಗಳು ಸೊರಗುತ್ತವೆ, ಕೆಲವು ಬಣ್ಣಗಳು ವಿಷಕಾರಿಯೂ ಹೌದು.

ತೆಂಗಿನ ನಾರು, ಬಾಳೆ ದಿಂಡು ಮುಂತಾದವುಗಳಲ್ಲಿ ಸೆಲ್ಯುಲೋಸ್ ಮತ್ತು ಲಿಗ್ನಿನ್ ಇವೆ. ನೀರಿನಲ್ಲಿ ಇವುಗಳ ಮೇಲ್ಮೈ ಸಾಮಾನ್ಯವಾಗಿ ಋಣ ವಿದ್ಯುದಂಶ ಹೊಂದುವುದರಿಂದ ಧನ ವಿದ್ಯುದಂಶದ ಬಣ್ಣಗಳು ಅಂಟಿಕೊಳ್ಳುತ್ತವೆ. ಇದೇ ಅಧಿಶೋಷಣೆ. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದ ಸಂಶೋಧಕರು 1990ರ ದಶಕದಲ್ಲಿಯೇ ಬಾಳೆ ದಿಂಡು, ನಾರಿನ ಪುಡಿಗಳನ್ನು ಈ ರೀತಿ ಪರೀಕ್ಷಿಸಿದ್ದಾರೆ.

ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ತೋರಿಸಬಹುದು. ಒಂದು ಲೀಟರ್ ನೀರಿಗೆ ಸುಮಾರು 10 ಮಿಲಿಗ್ರಾಂ ಮೆಥಿಲೀನ್ ನೀಲಿ ಬೆರೆಸಿ, 10 ಗ್ರಾಂ ನಾರಿನ ಪುಡಿ ಹಾಕಿ, ಎರಡು ಗಂಟೆ ಆಗಾಗ ಕಲಕಿ ಸೋಸಬೇಕು. ಪುಡಿಯನ್ನು ಮೊದಲು ಬಿಸಿನೀರಿನಲ್ಲಿ ಹಲವು ಸಲ ತೊಳೆಯುವುದು ಅಗತ್ಯ. ಇಲ್ಲದಿದ್ದರೆ ನಾರಿನದೇ ಕಂದು ಬಣ್ಣ ಇಳಿದು, ನೀಲಿ ಹೋಗಿ ಚಹಾ ಬಂದಂತಾಗುತ್ತದೆ!

ಆದರೆ ಶಾಲೆಯ ಬಾಟಲಿಯಲ್ಲಿ ಗೆದ್ದದ್ದು ಬಣ್ಣದ ತೊಟ್ಟಿಯಲ್ಲಿ ಗೆಲ್ಲಲೇಬೇಕೆಂದಿಲ್ಲ. ರೇಷ್ಮೆಗೆ ಹೆಚ್ಚಾಗಿ ಬಳಸುವ ಆಮ್ಲ ವರ್ಗದ ಬಣ್ಣಗಳೂ ಹತ್ತಿಯ ರಿಯಾಕ್ಟಿವ್ ಬಣ್ಣಗಳೂ ಋಣ ವಿದ್ಯುದಂಶದವು. ಹಸಿ ನಾರು ಇವುಗಳನ್ನು ದೂರ ತಳ್ಳುತ್ತದೆ. ನೀರನ್ನು ಆಮ್ಲೀಯಗೊಳಿಸಿದರೆ ಹಿಡಿಯುವ ಶಕ್ತಿ ಹೆಚ್ಚುತ್ತದೆಯಾದರೂ, ಹೊರಬಿಡುವ ಮೊದಲು ಸುಣ್ಣದಿಂದ ಪಿ.ಎಚ್. ಸರಿಪಡಿಸಬೇಕು. ನೀರಿನಲ್ಲಿ ಕರಗಿದ ಉಪ್ಪನ್ನು ನಾರು ತೆಗೆಯುವುದಿಲ್ಲ. ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳಿಂದ ಹರಿಯುವ ನೀರಿಗೂ ಇದು ಮದ್ದಲ್ಲ. ಆದ್ದರಿಂದ ನಾರಿನ ತೊಟ್ಟಿ ಕಟ್ಟಿಸಿದ ಘಟಕಕ್ಕೆ 1974ರ ಜಲ ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಡವೆಂದು ಯಾರೂ ಭಾವಿಸಬಾರದು.

ಬಣ್ಣ ಹೀರಿದ ಪುಡಿಯ ವಿಷಯದಲ್ಲಿ ಗ್ರಾಮ ಪಂಚಾಯಿತಿಗಳು ವಿಶೇಷ ಎಚ್ಚರ ವಹಿಸತಕ್ಕದ್ದು. ಬಣ್ಣ ನಾಶವಾಗಿರುವುದಿಲ್ಲ, ಜಾಗ ಬದಲಿಸಿರುತ್ತದೆ ಅಷ್ಟೆ. ಜಿಲ್ಲೆಯ ತರಕಾರಿ ಸಸಿ ನರ್ಸರಿಗಳು ಬಳಸುವುದೂ ಇದೇ ನಾರಿನ ಪುಡಿ. ಬಳಸಿದ ಪುಡಿ ಅಗ್ಗಕ್ಕೆ ನರ್ಸರಿಗಾಗಲಿ, ಗೊಬ್ಬರದ ಗುಂಡಿಗಾಗಲಿ ಹೋಗದಂತೆ ಬೇರೆಯಾಗಿ, ಮಳೆ ತಾಗದ ಕಡೆ ಇರಿಸಿ, ವಿಲೇವಾರಿಗೆ ಮಂಡಳಿಯ ಪ್ರಾದೇಶಿಕ ಕಚೇರಿಯ ನಿರ್ದೇಶನ ಪಡೆಯತಕ್ಕದ್ದು.